ನಾಲ್ಕನೇ ಕಂಬದ ಬಳಿ ನಿಂತ ನಟರಾಜು

ಬೆಳಗಿನ ಐದೂಮುಕ್ಕಾಲು. ರಾಮನಗರದ ಹೊರಗಿನ ಮೈದಾನದಲ್ಲಿ ಇನ್ನೂ ಮಂಜು ಸರಿದಿಲ್ಲ; ಆಚೆಯ ಬಂಡೆಗಳ ನೆತ್ತಿ ಮಾತ್ರ ಕಾಣುತ್ತಿದೆ. ಮೈದಾನದ ನಡುವೆ ನಿಲ್ಲಿಸಿದ ಉಕ್ಕಿನ ಕಂಬದ ತುದಿಯಲ್ಲಿ, ನೆಲದಿಂದ ನಲವತ್ತು ಅಡಿ ಮೇಲೆ, ನಟರಾಜು ಕಾಲು ಇಳಿಬಿಟ್ಟು ಕೂತಿದ್ದಾರೆ. ಸೊಂಟದ ಬೆಲ್ಟಿನ ಕೊಕ್ಕೆ ಕಂಬಕ್ಕೆ ಸಿಕ್ಕಿಸಿದೆ. ಅಡ್ಡತೊಲೆಯ ಬೋಲ್ಟು ಬಿಗಿ ಮಾಡಿ, ಅಂಗೈಯಿಂದ ಎರಡು ಸಲ ತಟ್ಟಿ, ಕೆಳಗಿನವರಿಗೆ "ಎತ್ರಪ್ಪಾ, ನಿಧಾನುಕ್ಕೆ" ಎನ್ನುತ್ತಾರೆ. ಸರಪಳಿ ಮೋಟರು ಗುರುಗುಟ್ಟುತ್ತದೆ. ಸಂಜೆ ಇಲ್ಲಿ ಕಾಲೇಜು ಮಕ್ಕಳ ಹಾಡು-ಕುಣಿತ. ಆ ಹೊತ್ತಿಗೆ ಅವರ ತಲೆಯ ಮೇಲೆ ನಾಲ್ಕು ಟನ್ ದೀಪ, ಸ್ಪೀಕರು ತೂಗುತ್ತಿರುತ್ತವೆ.

ನಲವತ್ನಾಲ್ಕರ ನಟರಾಜು ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯವರು. ದೊಡ್ಡ ವೇದಿಕೆಗಳ ಚಾವಣಿ ಕಟ್ಟುವುದು, ಅದಕ್ಕೆ ಭಾರ ತೂಗುಹಾಕುವುದು ಅವರ ಕೆಲಸ. ಇಪ್ಪತ್ತೈದು ತುಂಬುವವರೆಗೆ ತೆಂಗಿನ ಮರ ಹತ್ತುತ್ತಿದ್ದರು. ಹಾರೋಹಳ್ಳಿಯ ಶಾಮಿಯಾನದವರೊಬ್ಬರು ಮರದ ಮೇಲಿದ್ದವರನ್ನು ನೋಡಿ, "ಇಳಿಯಪ್ಪ, ನಿಂಗೆ ಬೇರೆ ಕೆಲ್ಸ ಕೊಡ್ತೀನಿ" ಎಂದು ಕರೆದೊಯ್ದರು. ಈಗ ವರ್ಷಕ್ಕೆ ನೂರರ ಮೇಲೆ ಕಾರ್ಯಕ್ರಮ, ದಿನಕ್ಕೆ ಎಂಟೋ ಹತ್ತೋ ಸಲ ಹತ್ತಿ ಇಳಿಯುವುದು. ಮಂಡಿ ಎರಡೂ ಸವೆದಿವೆ. ಮೆಟ್ಟಿಲು ಇಳಿಯುವಾಗ ಪಕ್ಕಕ್ಕೆ ತಿರುಗಿ ಇಳಿಯುತ್ತಾರೆ. ಕಂಬ ಹತ್ತುವಾಗ ಮಾತ್ರ ಅದು ಗೊತ್ತಾಗುವುದಿಲ್ಲ.

"ಮರುಕ್ಕೂ ಇದುಕ್ಕೂ ಒಂದೇ ವ್ಯತ್ಯಾಸ ಸಾ," ಎನ್ನುತ್ತಾರೆ. "ಮರ ತಾನೇ ಬೇರು ಬುಟ್ಕೊಂಡು ನಿಂತಿರ್ತದೆ. ಇದನ್ನ ನಾವು ನಿಲ್ಲುಸ್ಬೇಕು."

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಆ ಕಾಲೇಜು ಹಬ್ಬಕ್ಕಲ್ಲ. ನಾಲ್ಕು ತಿಂಗಳ ಹಿಂದೆ ಕೊಲಂಬಿಯಾದ ಗಾಯಕಿ ದೆಲ್ಫಿನಾ ಮೊಂತಾಲ್ವೆ ಕನಕಪುರ ರಸ್ತೆಯ ಒಂದು ಬಯಲಿನಲ್ಲಿ ಹಾಡಿಹೋದರು. ಹನ್ನೊಂದು ದೇಶಗಳ ಪ್ರವಾಸ; ಅವರ ಪಟ್ಟಿಯಲ್ಲಿ ನಮ್ಮದು ಇಪ್ಪತ್ತಮೂರನೆಯ ಊರು. ಮೂವತ್ತು ಸಾವಿರ ಜನ ಸೇರಿದ್ದರು. ಸ್ಪ್ಯಾನಿಷ್ ಒಂದಕ್ಷರ ಬಾರದ ನಾನೂ ಅಲ್ಲಿದ್ದೆ. ಆರಕ್ಕೆ ಶುರುವಾಗಬೇಕಾದ ಹಾಡು ಎಂಟು ಗಂಟೆ ಹತ್ತು ನಿಮಿಷವಾದರೂ ಶುರುವಾಗಲಿಲ್ಲವೆಂದು ಎಲ್ಲರ ಜೊತೆ ನಾನೂ ಗೊಣಗಿದೆ. ತಡವಾದದ್ದು ಯಾರಿಂದ ಎಂದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು.

ಆ ಬಯಲಿನಲ್ಲಿ ವೇದಿಕೆಗೆ ಗುರುತು ಹಾಕಿದ ದಿನವೇ ನಟರಾಜು ಒಂದು ವಿಷಯ ಗಮನಿಸಿದ್ದರು. ನಾಲ್ಕನೇ ಕಂಬ ನಿಲ್ಲಬೇಕಾದ ಕಡೆ ಜೊಂಡುಹುಲ್ಲು ಬೆಳೆದಿತ್ತು. "ಜೊಂಡು ಬೆಳ್ದೈತೆ ಅಂದ್ರೆ ಕೆಳಗೆ ನೀರೈತೆ ಅಂತ. ಯಾವ್ದೋ ಹಳ್ಳ ಮುಚ್ಚಿ ಮಣ್ ಹೊಡೆಸವ್ರೆ," ಎಂದು ಕೆಲಸದ ಉಸ್ತುವಾರಿ ಬಸವಕುಮಾರ್ ಅವರಿಗೆ ಹೇಳಿದರು. ಬಸವಕುಮಾರ್ ಕೆಟ್ಟವರಲ್ಲ, ಆದರೆ ಅವರ ಮೇಲೂ ಆಜ್ಞೆ ಮಾಡುವವರು ನಾಲ್ಕು ಜನರಿದ್ದರು. ನಕ್ಷೆ ಆಗಲೇ ಒಪ್ಪಿಗೆಯಾಗಿದೆ, ಕಂಬದ ಅಡಿಗೆ ಕಬ್ಬಿಣದ ಹಲಗೆ ಹಾಕಿದ್ದೀವಿ, ಸುಮ್ಮನಿರು ಎಂದರು. ಕಂಬಗಳು ಎದ್ದವು. ಕಾರ್ಯಕ್ರಮದ ಹಿಂದಿನ ಸಂಜೆ ಜೋರು ಮಳೆ ಬಂತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಟರಾಜು ಬಯಲಿನಲ್ಲಿದ್ದರು. ದಾರಕ್ಕೆ ಕಬ್ಬಿಣದ ಗುಂಡು ಕಟ್ಟಿ ನಾಲ್ಕೂ ಕಂಬಕ್ಕೆ ಇಳಿಬಿಟ್ಟು ನೋಡಿದರು. ಮೂರು ನೆಟ್ಟಗಿದ್ದವು. ನಾಲ್ಕನೆಯದು ನೆಲಕ್ಕೆ ಕುಸಿದು ಎರಡು ಬೆರಳಿನಷ್ಟು ವಾಲಿತ್ತು. ಆಗಿನ್ನೂ ಮೇಲೆ ಬರೀ ಚಾವಣಿ. ಇನ್ನು ಹದಿನೆಂಟು ಟನ್ ದೀಪ, ಸ್ಪೀಕರು ಮೇಲೇರಬೇಕಿತ್ತು.

ಏಳು ಗಂಟೆಗೆ ಬಸವಕುಮಾರ್ ಬಂದು ಮೋಟರು ಶುರು ಮಾಡಲು ಹೇಳಿದರು. ನಟರಾಜು ಆಗಲ್ಲ ಎಂದರು.

"ಏನ್ಲಾ ನಟರಾಜು, ನೀನೇನ್ ಇಂಜಿನಿಯರ್ರಾ?"

"ಅಲ್ಲ ಸಾ. ಆದ್ರೆ ಮ್ಯಾಲೆ ಓಗೋನು ನಾನು. ಅದ್ರ ಕೆಳಗೆ ನಿಂತ್ಕೊಂಡು ಹಾಡೋದು ಆ ಹೆಣ್ಮಗ್ಳು."

"ನೀನ್ ಹತ್ತದಿದ್ರೆ ಇನ್ನೊಬ್ಬ ಹತ್ತುತಾನೆ. ನಾಳೆಯಿಂದ ನಿನ್ನ ಕರೆಯಲ್ಲ, ನೋಡ್ಕೊ."

ನಟರಾಜು ಬೆಲ್ಟು ಬಿಚ್ಚಿ ನೆಲದ ಮೇಲಿಟ್ಟರು. "ಕರೀಬ್ಯಾಡಿ ಸಾ. ಇನ್ನೊಬ್ಬನ್ನೂ ನಾನು ಹತ್ತಕ್ ಬುಡಲ್ಲ" ಎಂದು ನಾಲ್ಕನೇ ಕಂಬಕ್ಕೆ ಬೆನ್ನು ಕೊಟ್ಟು ನಿಂತರು.

ಗಲಾಟೆ ಕೇಳಿ ಪ್ರವಾಸದ ತಂಡದಲ್ಲಿ ಇದೇ ಕೆಲಸ ನೋಡಿಕೊಳ್ಳುವ ಇನೆಸ್ ಎಂಬ ಹೆಂಗಸು ಬಂದರು. ಐವತ್ತರ ಆಸುಪಾಸು, ಕತ್ತರಿಸಿದ ನರೆಗೂದಲು, ಅಂಗೈ ತುಂಬ ಜಡ್ಡು. ನಟರಾಜುಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ನಟರಾಜು ಮಾತಾಡದೆ ಗುಂಡು ಕಟ್ಟಿದ ದಾರ ಇಳಿಬಿಟ್ಟು ತೋರಿಸಿದರು. ಇನೆಸ್ ಮಂಡಿಯೂರಿ, ಕಬ್ಬಿಣದ ಹಲಗೆಯ ಅಂಚಿನ ಕೆಸರಿಗೆ ಕೈ ತೂರಿಸಿದರು. ಮೊಣಕೈವರೆಗೂ ಇಳಿಯಿತು. ಎದ್ದು, ಕೈ ಒರೆಸಿಕೊಳ್ಳದೆಯೇ, ಎಲ್ಲವನ್ನೂ ಕೆಳಗಿಳಿಸಲು ಸನ್ನೆ ಮಾಡಿದರು.

ಆಮೇಲಿನದು ಹತ್ತು ಗಂಟೆಗಳ ಕೆಲಸ. ಚಾವಣಿ ಇಳಿಸಿ, ಕಂಬ ಮಲಗಿಸಿ, ಕೆಸರು ಬಗೆದು, ಹತ್ತಿರದ ಕ್ರಷರಿನಿಂದ ಆರು ಲೋಡು ಜಲ್ಲಿ ತರಿಸಿ ತುಂಬಿ, ಗಟ್ಟಿಯಾಗುವಂತೆ ದಮ್ಮಸು ಮಾಡಿ ಮತ್ತೆ ನಿಲ್ಲಿಸಿದರು. ಬಸವಕುಮಾರ್ ಕೂಡ ಪ್ಯಾಂಟು ಮಡಿಸಿ ಗುದ್ದಲಿ ಹಿಡಿದರು. ಸಂಜೆ ನಾಲ್ಕಕ್ಕೆ ಗಾಯಕಿ ಬಂದಾಗ ಚಾವಣಿ ಇನ್ನೂ ಅರ್ಧಕ್ಕಿತ್ತು. ಇನೆಸ್ ಗಾಯಕಿಯನ್ನು ನಾಲ್ಕನೇ ಕಂಬದ ಬಳಿ ಕರೆತಂದು ಏನೋ ಹೇಳಿ, ನಟರಾಜು ಕಡೆ ಕೈ ತೋರಿಸಿದರು. "ಹವಾಯಿ ಚಪ್ಲಿ ಹಾಕಿದ್ರು ಸಾ, ನಮ್ಮೂರ್ ಹೆಂಗಸ್ರಂಗೆ. ನನ್ನ ಎರಡೂ ಕೈ ಹಿಡ್ಕೊಂಡು ಒಂದೀಟು ಮಾತಾಡಿದ್ರು. ಏನೂ ಗೊತ್ತಾಗ್ನಿಲ್ಲ. ತಲೆ ಆಡುಸ್ದೆ."

ಹಾಡು ಶುರುವಾದಾಗ ನಟರಾಜು ವೇದಿಕೆಯ ಹಿಂದೆ, ಮತ್ತೆ ಮಳೆ ಬಂದರೆ ಎಂದು, ದಾರ ಹಿಡಿದು ಕೂತಿದ್ದರು. ಗಾಯಕಿಯ ಬೆನ್ನೂ ಕಾಣಿಸಲಿಲ್ಲ. ಡೋಲಿನ ಪೆಟ್ಟು ಮಾತ್ರ ನೆಲದಿಂದ ಪಾದಕ್ಕೆ ಬರುತ್ತಿತ್ತಂತೆ.

ಮರುದಿನ ಮೊಬೈಲಿನ ತುಂಬ ಬೈಗುಳ. ಎರಡು ಗಂಟೆ ಕಾಯಿಸಿದರು, ಹೊಣೆಗೇಡಿಗಳು ಎಂದು. ನಟರಾಜು ಅವರ ಹೆಂಡತಿ ಪ್ರತಿಮಾ, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಲೇ ಅದನ್ನೆಲ್ಲ ಓದಿ ಹೇಳಿದರು. "ಬಯ್ಲಿ ಬುಡು ಅಂದೆ," ಎಂದು ನಟರಾಜು ನಗುತ್ತಾರೆ. "ಬಯ್ಯಕೆ ಎಲ್ರೂ ನೆಟ್ಟುಗೆ ಮನೆಗೆ ಓಗವ್ರಲ್ಲ."

ಒಂದೂವರೆ ತಿಂಗಳು ಯಾರೂ ಕರೆಯಲಿಲ್ಲ. ಮತ್ತೆ ತೆಂಗಿನ ಮರ ಹತ್ತಿದರು. ಆಮೇಲೆ ಒಂದು ಮಧ್ಯಾಹ್ನ ಬಸವಕುಮಾರ್ ಅವರೇ ಫೋನು ಮಾಡಿದರು. "ಚನ್ನಪಟ್ಟಣದಲ್ಲಿ ಕೆಲ್ಸ ಐತೆ, ಬಾ. ಒಂದಿನ ಮುಂಚೇನೆ ಬಂದು ನೆಲ ನೋಡ್ಬುಡು." ಅಂದಿನಿಂದ ಪ್ರತಿ ಕೆಲಸಕ್ಕೂ ನಟರಾಜು ಒಂದು ದಿನ ಮೊದಲೇ ಹೋಗುತ್ತಾರೆ.

ಅಷ್ಟು ಹಟ ಯಾಕೆ ಹಿಡಿದಿರಿ ಎಂದು ಕೇಳಿದೆ. "ಕೋಡಿಹಳ್ಳಿಗೆ ಬನ್ನಿ, ಒಬ್ರನ್ನ ತೋರುಸ್ತೀನಿ" ಎಂದು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡರು.

ಕೋಡಿಹಳ್ಳಿಯ ಬಸ್ಸು ನಿಲ್ಲುವಲ್ಲಿ ದಾಸಪ್ಪ ಅವರ ಟೀ ಅಂಗಡಿ. ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತೇ ಟೀ ಸೋಸುತ್ತಾರೆ. ಎಡಗಾಲು ಮಡಿಸಲು ಬರುವುದಿಲ್ಲ. ನಟರಾಜು ಜೊತೆಗೇ ಕೆಲಸಕ್ಕಿದ್ದವರು; ಏಳು ವರ್ಷದ ಹಿಂದೆ ಒಂದು ಮದುವೆಯ ಚಪ್ಪರದ ತೊಲೆ ಕಳಚಿ ಇಪ್ಪತ್ತಡಿಯಿಂದ ಬಿದ್ದವರು. ತೊಲೆಯನ್ನು ಹಿಡಿದಿಡುವ ಪಿನ್ನು ಬಾಗಿತ್ತು. ಆ ಬೆಳಿಗ್ಗೆ ನಟರಾಜು ಅದನ್ನು ಕಂಡಿದ್ದರು. ಯಜಮಾನರು ಅವಸರದಲ್ಲಿದ್ದರು, ಇವರು ಬಾಯಿ ಬಿಡಲಿಲ್ಲ. ಆಮೇಲೆ ದಿನಾ ಈ ಅಂಗಡಿಯಲ್ಲಿ ಟೀ ಕುಡಿದರೂ ಗೆಳೆಯನಿಗೆ ಅದನ್ನು ಹೇಳಲಾಗಲಿಲ್ಲ.

ಹೇಳಿದ್ದು ಆ ಸಂಗೀತ ಕಾರ್ಯಕ್ರಮದ ಮರುದಿನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ.

"ನಾನೇನು ಅಂದೆ ಅಂತ ಇವ್ನೇ ಯೋಳ್ಲಿ," ಎಂದರು ದಾಸಪ್ಪ.

ನಟರಾಜು ಖಾಲಿ ಲೋಟಗಳನ್ನು ಒಯ್ದು ನಲ್ಲಿಯ ಕೆಳಗೆ ಹಿಡಿದರು. ಕೊನೆಗೆ ದಾಸಪ್ಪ ಅವರೇ ಹೇಳಿದರು: "ಗೊತ್ತು ಕಣ್ಲಾ ಅಂದೆ. ನಾನೂ ನೋಡಿದ್ದೆ ಆ ಪಿನ್ನ. ಬೈಸ್ಕೊಳೋದ್ಯಾಕೆ ಅಂತ ನಾನೂ ಸುಮ್ನೆ ಹತ್ತುದೆ. ಏಳ್ ವರ್ಷ ಇವ್ನೊಬ್ನೇ ಇದನ್ನ ಮನಸ್ನಾಗೆ ಹೊತ್ಕೊಂಡು ತಿರುಗವ್ನೆ, ನಂಗೇನ್ ಗೊತ್ತು?"

ಕಬ್ಬಾಳಿನ ಕಡೆ ಹೋಗುವ ಬಸ್ಸು ಬಂದು, ಜನ ಹತ್ತಿಸಿಕೊಂಡು ಹೋಯಿತು.

ನಿಮಗೇನಾದರೂ ಆಸೆ ಇದೆಯೇ ಎಂದು ಏಳುವ ಮೊದಲು ನಟರಾಜು ಅವರನ್ನು ಕೇಳಿದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಕನಕಪುರದಲ್ಲಿ ತಿಂಗಳಿಗೆ ಒಂದು ದಿನವಾದರೂ ಪಾಠ ಆಗಬೇಕು ಎಂದರು. ಬೆಲ್ಟು ಕಟ್ಟುವುದು, ನೆಲ ನೋಡುವುದು, ಬೇಡ ಅನ್ನಿಸಿದಾಗ ಬೇಡ ಎನ್ನುವುದು. ಕಲಿಸುವವರು ಯಾರು ಎಂದೆ.

"ನಾನಲ್ಲ ಸಾ. ದಾಸಪ್ಪ ಕುರ್ಚಿ ಮ್ಯಾಲೆ ಕುಂತ್ಕೊಂಡೇ ಯೋಳ್ಕೊಡ್ಲಿ," ಎಂದರು. "ಹಗ್ಗುಕ್ಕೆ ಗಂಟು ಹಾಕೋದು ಈ ತಾಲ್ಲೂಕ್ನಾಗೆ ಅವನಷ್ಟು ಚೆನ್ನಾಗಿ ಯಾರ್ಗೂ ಬರಲ್ಲ."