ಕಚ್ಚಾ ಬಳೆಯ ಚಾಚಿ

ಬಳೆ ಚಾಚಿಯ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿ ಕುಡುಗೋಲಿನ ಹಾಗಾಗಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆಯ ಪಕ್ಕ ಕುಳಿತು ಬಳೆ ತೊಡಿಸುವುದನ್ನು ಕಲಿತವಳು. ಊರ ಹೆಂಗಸರ ಕೈಗಳನ್ನು ಹಿಸುಕಿ ಹಿಸುಕಿ ಆ ಬೆರಳಿಗೆ ತನ್ನ ಆಕಾರವೇ ಮರೆತುಹೋಗಿತ್ತು. ಅವಳು ಕೈ ಹಿಡಿದಳೆಂದರೆ ಮೊದಲು ಆ ಬೆರಳು ಬಂದು ನಮ್ಮ ಹೆಬ್ಬೆರಳಿನ ಬುಡವನ್ನು ಹುಡುಕಿ ಒತ್ತುತ್ತಿತ್ತು. ಅಂಗೈ ಮಡಚಿ ಚಿಕ್ಕದಾಗುತ್ತಿತ್ತು. “ಕೈ ಸಡ್ಲ ಬಿಡು ಬೇಟಿ. ನೀ ಸಡ್ಲ ಬಿಟ್ರ ಬಳಿ ತಾನೇ ಹೋಗ್ತದ,” ಎನ್ನುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ಬಿಗಿ ಹಿಡಿದವರಿಗೆ ಮಾತ್ರ ನೋವಾಗುತ್ತಿತ್ತು.

ಅವಳ ಮನೆ ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾದ ಹಿಂದಿನ ಗಲ್ಲಿಯೊಂದರಲ್ಲಿ. ಸಂತೆಯ ದಿನ ತಗಡಿನ ಎರಡು ಡಬ್ಬಿ ಹೊತ್ತು ನಮ್ಮ ಕಮಲಾಪುರಕ್ಕೆ ಬರುತ್ತಿದ್ದಳು. ಸಂತೆ ಕರಗುವ ಹೊತ್ತಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂರುವುದು ವಾಡಿಕೆ. ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು. ತನ್ನ ಕೈಗೆ ಮಾತ್ರ ಪ್ಲಾಸ್ಟಿಕ್ಕಿನ ಒಂದೇ ಬಳೆ. ಯಾಕೆಂದು ಕೇಳಿದರೆ, “ಮಿಠಾಯಿ ಮಾರಾಂವ ಮಿಠಾಯಿ ತಿಂತಾನೇನ್ರೀ?” ಎಂದು ನಗುತ್ತಿದ್ದಳು. ಸುದ್ದಿ ಕೇಳುವ ಚಪಲ ಬಹಳ. ಯಾರ ಸೊಸೆ ತವರಿಗೆ ಹೋದಳು, ಯಾಕೆ ಇನ್ನೂ ಬಂದಿಲ್ಲ, ಎಲ್ಲವೂ ಅವಳಿಗೆ ಬೇಕು. ಅವ್ವ ಅವಳಿಗೆ ಚಹಾ ಕೊಡುತ್ತಿದ್ದಳು, ಕಟ್ಟೆಯ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟ ಕಪ್ಪಿನಲ್ಲಿ. ಅವಳು ಅದನ್ನು ತಾನೇ ತೊಳೆದು, ತಾನೇ ಗೂಡಿನಲ್ಲಿಟ್ಟು ಹೋಗುತ್ತಿದ್ದಳು. ಆಗ ನನಗದು ಕಣ್ಣಿಗೇ ಬಿದ್ದಿರಲಿಲ್ಲ. ಈಗ ನೆನೆದರೆ ಮುಖ ಎತ್ತಲಾಗುವುದಿಲ್ಲ.

ಅವಳ ಅಭಿಮಾನವೆಂದರೆ ಬಳೆಯ ಗಟ್ಟಿತನ. ಡಬ್ಬಿ ತೆರೆದ ಕೂಡಲೇ ಒಂದು ಬಳೆ ತೆಗೆದು ಕಟ್ಟೆಯ ಕಲ್ಲಿನ ಮೇಲೆ ಬಿಡುವಳು. ಟಣ್ಣೆಂದು ಪುಟಿದು ಉರುಳುತ್ತ ಹೋಗಿ ಯಾರದೋ ಮಡಿಲಿನ ಬಳಿ ನಿಲ್ಲುತ್ತಿತ್ತು. “ನೋಡ್ರಿ! ನಿಮ್ಮ ಗಂಡಂದಿರ ಮಾತಿಗಿಂತ ಗಟ್ಟಿ ಅವ,” ಎಂದರೆ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿ ನಗುವರು. ಎಷ್ಟು ಸಲ ನೋಡಿದ್ದರೂ ನಾವು ಮತ್ತೆ ಬೆರಗಾಗುತ್ತಿದ್ದೆವು.

ಇಂಥವಳ ಬಳೆಯ ಮೇಲೆ ನಾನು ಸುಳ್ಳು ಹೊರಿಸಿದೆ.

ಆಗ ನಾನು ಪಿಯುಸಿ ಎರಡನೇ ವರ್ಷ, ವಿಜ್ಞಾನ. ಬೆಳಿಗ್ಗೆ ಅಪ್ಪನೊಂದಿಗೆ ಬಸ್ಸು ಹತ್ತಿ ಕಲಬುರಗಿಗೆ ಹೋಗುತ್ತಿದ್ದೆ. ಅಪ್ಪ ಅಲ್ಲಿನ ಧಾನ್ಯದ ಪೇಟೆ ನೆಹರು ಗಂಜಿನ ಒಂದು ಬೇಳೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ಕಾಲೇಜು, ಅದು ಮುಗಿದರೆ ನೀಟ್ ಕೋಚಿಂಗ್. ಅಪ್ಪ ಒಂದು ದಿನವೂ ಗದರಿದವನಲ್ಲ, ಹೊಡೆದವನಲ್ಲ. ಅವನ ತಪ್ಪೆಂದರೆ ಹೆಮ್ಮೆಪಟ್ಟದ್ದು. ಮಗಳು ಡಾಕ್ಟರ್ ಆಗುತ್ತಾಳೆಂದು ಗಂಜಿನ ತುಂಬ ಹೇಳಿಕೊಂಡಿದ್ದ. ನಾನು ಅಂಗಡಿಗೆ ಹೋದರೆ ತೊಗರಿ ಚೀಲ ಹೊತ್ತ ಹಮಾಲರು ದಾರಿ ಬಿಟ್ಟು, “ಡಾಕ್ಟರ್ ಬಾಯಿ ಬಂದ್ರು, ಸರೀರಿ,” ಎನ್ನುತ್ತಿದ್ದರು. ಪ್ರೀತಿಯ ಮಾತೇ. ಆದರೆ ಪ್ರತಿ ಪರೀಕ್ಷೆಯಲ್ಲೂ ಅಂಕ ಇಳಿಯುತ್ತಿದ್ದ ನನಗೆ ಆ ಚೀಲಗಳೆಲ್ಲ ನನ್ನ ಬೆನ್ನ ಮೇಲೇ ಇದ್ದಂತಾಗುತ್ತಿತ್ತು. ಅಂಕಗಳು ಅಪ್ಪನ ಮೊಬೈಲಿಗೆ ಬರುತ್ತಿದ್ದವು. ಅವನು ನೋಡಿ, “ಇರ್ಲಿ ಬಿಡವ್ವ, ಮುಂದಿನ ಸಲ,” ಎನ್ನುತ್ತಿದ್ದ. ಬೈದಿದ್ದರೆ ಅಳಬಹುದಿತ್ತು.

ಆ ವರ್ಷ ನಾನು ನನ್ನ ಕೈಗೆ ನಾನೇ ಗಾಯ ಮಾಡಿಕೊಳ್ಳತೊಡಗಿದೆ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಹೆಚ್ಚು ಬರೆದರೆ ಯಾರಿಗೂ ಒಳ್ಳೆಯದಲ್ಲ. ಆ ಕ್ಷಣಕ್ಕೆ ತಲೆಯೊಳಗಿನ ಗದ್ದಲ ತಗ್ಗಿದಂತೆ ಅನಿಸುತ್ತಿತ್ತು, ಮರುಗಳಿಗೆಯೇ ಅದರ ಇಮ್ಮಡಿ ನಾಚಿಕೆ ಬಂದು ಕೂರುತ್ತಿತ್ತು. ಆ ನಾಚಿಕೆ ತಾಳದೆ ಮತ್ತೆ ಅದೇ ಹಾದಿ. ಕಲಬುರಗಿಯ ಬಿಸಿಲಿನಲ್ಲಿ ತುಂಬುತೋಳಿನ ಅಂಗಿ ತೊಟ್ಟು ತಿರುಗುತ್ತಿದ್ದೆ. ಅವ್ವ ಓಣಿಯಲ್ಲಿ, “ನಮ್ಮ ಪೋರಿಗಿ ಬಿಸಲಿಗಿ ಬಣ್ಣ ಹೋಗ್ತದಂತ ಚಿಂತಿ,” ಎಂದು ನಗೆಯಾಡುತ್ತಿದ್ದಳು.

ಒಂದು ದಿನ ಅವ್ವನ ಕಣ್ಣಿಗೆ ಬಿತ್ತು. ಬಾಯಿಗೆ ಬಂದದ್ದು ಹೇಳಿದೆ: “ಬಳಿ ಹೆಚ್ಚಿದ್ವು.” ನಮ್ಮ ಕಡೆ ಗಾಜಿನ ಬಳೆ ಒಡೆಯಿತು ಎನ್ನಬಾರದು, ಅಪಶಕುನ, ಹೆಚ್ಚಿತು ಎನ್ನಬೇಕು. ಆ ಮಾತು ಕೇಳಿದ ಮೇಲೆ ಯಾವ ತಾಯಿಯೂ ಮುಂದೆ ಕೆದಕುವುದಿಲ್ಲ. ಅವ್ವ ಅರಿಷಿಣ ಹಚ್ಚಿದಳು. ಹೆಣ್ಣುಮಕ್ಕಳ ಕೈ ಬೋಳು ಇರಬಾರದೆಂದು ಮತ್ತೆ ಬಳೆ ತೊಡಿಸಿದಳು. ನಾನು ಮತ್ತೆ ಅದೇ ಸುಳ್ಳು ಹೇಳಿದೆ, ಆಮೇಲೆ ಮತ್ತೆ.

ಶ್ರಾವಣದ ಸಂತೆಯ ದಿನ ಚಾಚಿ ಕಟ್ಟೆಗೆ ಬಂದು ಡಬ್ಬಿ ತೆರೆದು ಎಂದಿನಂತೆ ಬಳೆ ಪುಟಿಸಿದಳು. ಅವ್ವ ತಡೆಯಲಾರದೆ ಅಂದೇಬಿಟ್ಟಳು: “ಪುಟಿಸೂದು ಸಾಕು ಚಾಚಿ. ನಿಮ್ಮ ಬಳಿ ಭಾಳ ಕಚ್ಚಾ ಆಗ್ಯಾವ. ಹೆಚ್ಚಿ ಹೆಚ್ಚಿ ನಮ್ಮ ಪೋರಿ ಕೈಯೆಲ್ಲ ಗಾಯ ಆಗ್ಯಾದ.”

ಓಣಿಯ ಹೆಂಗಸರೆಲ್ಲ ಅಲ್ಲಿದ್ದರು. ಚಾಚಿಯ ಮುಖ ಕೆಂಪಾಯಿತು. “ಅಲ್ಲಾ ಕಸಮ್, ನನ್ನ ಬಳಿ ಹಂಗ ಆಗಂಗಿಲ್ಲ. ಎಲ್ಲಿ, ಕರೀರಿ ಪೋರಿಗಿ!”

ನಾನು ಬಾಗಿಲ ಹಿಂದೆಯೇ ಇದ್ದೆ. ಅವ್ವ ತೋಳು ಹಿಡಿದು ತಂದು ಕೂರಿಸಿದಳು. ಚಾಚಿ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅಂಗಿಯ ತೋಳನ್ನು ಒಂದಿಷ್ಟು ಮೇಲೆ ಸರಿಸಿದಳು. ಆ ಬಾಗಿದ ಹೆಬ್ಬೆರಳು ಅಲ್ಲೇ ನಿಂತಿತು. ಬಳೆ ತಾಕುವ ಜಾಗ ಅದಲ್ಲ ಎಂಬುದು ಬಳೆ ತೊಡಿಸುವವಳಿಗೆ ಕಾಣದೆ ಇರುವಂತಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಕಲ್ಲು ನೋಡುತ್ತಿದ್ದೆ. ಈಗ ಬಾಯಿ ಬಿಡುತ್ತಾಳೆ, ನಾಳೆ ಸಂತೆಯಲ್ಲೆಲ್ಲ ಇದೇ ಮಾತು ಎಂದು ಕಿವಿ ಗುಂಯ್‌ಗುಟ್ಟುತ್ತಿತ್ತು.

ಅವಳು ತೋಳನ್ನು ಕೆಳಗೆಳೆದು, ಅಂಚನ್ನು ಮಣಿಕಟ್ಟಿನ ಮೇಲೆ ಸರಿಮಾಡಿದಳು. “ಹೌದ್ರೀ ಬಾಯಿ,” ಅಂದಳು. “ಈ ಸಲ ಮಾಲು ಕಚ್ಚಾ ಬಂದಾದ. ಗಲ್ತಿ ನಂದೇ.”

ಅಷ್ಟೇ ಬೇಕಿತ್ತು. ಎದುರು ಮನೆಯ ದೊಡ್ಡವ್ವ ತನ್ನವೂ ಹೆಚ್ಚಿದ್ದವು ಎಂದಳು. ಇನ್ನೊಬ್ಬಳು ಆರಿಸಿ ಹಿಡಿದಿದ್ದ ಬಳೆಗಳನ್ನು ಮರಳಿ ಡಬ್ಬಿಗೆ ಹಾಕಿದಳು. ಚಾಚಿ ಯಾರಿಗೂ ಎದುರಾಡಲಿಲ್ಲ. ಚಹಾ ಕುಡಿಯದೆ ಎದ್ದಳು. ಹೋಗುವಾಗ, “ಪೋರಿ ಕಾಲೇಜಿಗಿ ಬರ್ತಾಳಲ್ಲ, ರೋಜಾದ ನಮ್ಮನಿಗಿ ಕಳಸ್ರಿ. ಅಳತಿ ನೋಡಿ ಛಲೋ ಬಳಿ ತೊಡಸ್ತೀನಿ,” ಅಂದಳು.

ನಾನು ಹೋಗಲಿಲ್ಲ. ಹೋಗುವ ಮುಖವೆಲ್ಲಿತ್ತು?

ಕೆಲವು ದಿನಗಳಾದ ಮೇಲೆ, ಕೋಚಿಂಗ್ ಮುಗಿಸಿ ಕಲಬುರಗಿ ಬಸ್‌ಸ್ಟ್ಯಾಂಡಿಗೆ ಬಂದರೆ ಕಮಲಾಪುರದ ಬಸ್ಸು ನಿಲ್ಲುವ ಕಡೆ ಅವಳು ಕುಳಿತಿದ್ದಳು. ಸಂತೆಯ ದಿನವಲ್ಲ. ಡಬ್ಬಿಗಳೂ ಇರಲಿಲ್ಲ. ಪಕ್ಕದ ಜಾಗ ತಟ್ಟಿ, “ಕುಂದರು,” ಅಂದಳು. ಕೂತೆ.

“ಯಾರರೆ ಪೋರ ಕಾಡ್ಲಾಕತ್ಯಾನೇನು?”

“ಇಲ್ರಿ.”

“ಅಪ್ಪ ಹೊಡೀತಾನ?”

“ಇಲ್ಲ.”

“ಅವ್ವ?”

“ಇಲ್ಲ ಚಾಚಿ. ಎಲ್ಲಾರೂ ಛಲೋ ಅದಾರ.”

“ಮತ್ಯಾಕ?”

“ಮಾರ್ಕ್ಸ್ ಬರವಲ್ವು,” ಅಂದೆ. ಬಾಯಿಂದ ಹೊರಬಿದ್ದ ಮೇಲೆ ಅದೆಷ್ಟು ಸಣ್ಣ ಕಾರಣವೆನಿಸಿತೆಂದರೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಒಬ್ಬ ಮಗ ತೀರಿಹೋಗಿದ್ದ. ಅದು ಊರಿಗೆಲ್ಲ ಗೊತ್ತು. ಅಂಥವಳ ಮುಂದೆ ನಾನು ಅಂಕಗಳ ಮಾತಾಡುತ್ತಿದ್ದೆ.

ಉಪದೇಶ ಮಾಡುತ್ತಾಳೆಂದುಕೊಂಡೆ. “ನನಗ ತಿಳಿವಲ್ದು ಬೇಟಿ,” ಅಂದಳು. “ಖರೆ ಹೇಳ್ತೀನಿ, ಏನೂ ತಿಳಿವಲ್ದು. ತಿಳೀದಿದ್ರೂ ಬಾಜೂ ಕುಂದರ್ಲಾಕ ಬರ್ತದ ನನಗ.” ಬಸ್ಸು ಬರುವ ದಾರಿ ನೋಡುತ್ತ, “ನಿಮ್ಮವ್ವಗ ನೀನೇ ಹೇಳಬೇಕು. ನಾ ಹೇಳಿದ್ರ ಅದು ಸುದ್ದಿ ಆಗ್ತದ. ನೀ ಹೇಳಿದ್ರ ಬ್ಯಾನಿ ಆಗ್ತದ. ಬ್ಯಾನಿಗಿ ದವಾ ಅದ.”

“ಇನ್ನೊಮ್ಮೆ ಹೇಳ್ತೀನಿ.”

“ಇವತ್ತೇ. ನೀ ಹೇಳಲಿಲ್ಲಂದ್ರ ನಾನೇ ಹೇಳ್ತೀನಿ. ಸಿಟ್ಟಾಗು, ಚಿಂತಿಲ್ಲ.” ಬಸ್ಸು ಬಂತು. ನನಗಿಂತ ಮೊದಲು ಅವಳೇ ಹತ್ತಿದಳು.

ಅವ್ವ ಅವಳನ್ನು ಕಂಡು, “ಇವತ್ತ ಸಂತಿ ಇಲ್ಲಲ್ಲ ಚಾಚಿ?” ಎಂದಳು.

“ಅವತ್ತ ಚಾ ಕುಡೀದೆ ಹೋಗಿದ್ನೆಲ್ರೀ. ಅದನ್ನೇ ಕುಡೀಲಾಕ ಬಂದೀನಿ.”

ಅಂದು ಕಟ್ಟೆಯ ಮೇಲಲ್ಲ, ಒಳಗೆ ಬಂದು ಕುಳಿತಳು. ಹಾಗೆ ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು. ಅವ್ವ ಚಹಾ ತಂದಿಟ್ಟಳು. ಚಾಚಿ ನನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಹೆಬ್ಬೆರಳು ಹೆಬ್ಬೆರಳಿನ ಬುಡ ಹುಡುಕಿ ಒತ್ತಿತು. ತೊಡಿಸಲು ಬಳೆ ಇರಲಿಲ್ಲ. “ಕೈ ಸಡ್ಲ ಬಿಡು ಬೇಟಿ,” ಅಂದಳು.

ಹೇಳಿದೆ. ಕೆಟ್ಟದಾಗಿ, ಅರ್ಧಂಬರ್ಧ, ಅಳುತ್ತ ಹೇಳಿದೆ. ಅವ್ವ ಮೊದಲು ಎದ್ದು ಬೀದಿಯ ಬಾಗಿಲು ಮುಚ್ಚಿದಳು. ಆಮೇಲೆ ಚಾಚಿಯ ಎರಡೂ ಕೈ ಹಿಡಿದು, “ನಿಮ್ಮ ಪಾದ ಹಿಡಿತೀನಿ, ಹೊರಗ ಹೇಳಬ್ಯಾಡ್ರಿ. ನಾಳಿ ಪೋರಿ ಲಗ್ನ ಆಗಬೇಕು,” ಎಂದಳು. ಅದಾದ ಮೇಲೆಯೇ ನನ್ನ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ನಾನು ಅವ್ವನನ್ನು ದೂರುವುದಿಲ್ಲ. ಬಾಗಿಲು ಮುಚ್ಚುವ ಬುದ್ಧಿ ನನಗೂ ಅವಳಿಂದಲೇ ಬಂದದ್ದು.

ಚಾಚಿ, “ನಾ ಯಾಕ ಹೇಳ್ಲಿ? ನನ್ನ ಮಾಲು ಕಚ್ಚಾ ಇತ್ತು,” ಎಂದು ಚಹಾ ಕುಡಿದಳು. ಕಪ್ಪು ತೊಳೆಯಲು ಎದ್ದಾಗ ಅವ್ವ ಅದನ್ನು ಅವಳ ಕೈಯಿಂದ ಕಸಿದುಕೊಂಡಳು. ಆ ಕಪ್ಪು ಮತ್ತೆ ಗೂಡಿಗೆ ಹೋಗಲಿಲ್ಲ.

ಅಪ್ಪನಿಗೆ ಅವ್ವ ಹೇಳಿದಳು. ಅವನು ಮರುದಿನ ರಜೆ ಹಾಕಿ ನನ್ನನ್ನು ಕಲಬುರಗಿಯಲ್ಲಿ ಮನಸ್ಸಿನ ಡಾಕ್ಟರ ಬಳಿ ಕರೆದೊಯ್ದ. ಓಣಿಗೆ ಚರ್ಮದ ಡಾಕ್ಟರೆಂದು ಹೇಳಿದೆವು. ಒಂದೇ ದಿನಕ್ಕೆ ಬಿಟ್ಟುಹೋಗುವ ಬೇನೆ ಅದಲ್ಲ. ಬಿಟ್ಟೆನೆಂದುಕೊಂಡು ಮತ್ತೆ ಜಾರಿದ್ದೂ ಉಂಟು. ಆದರೆ ಜಾರಿದಾಗ ಹೇಳಿಕೊಳ್ಳಲು ಜನರಿದ್ದರು. ಅಪ್ಪ ಗಂಜಿನಲ್ಲಿ ಏನು ಹೇಳಿದನೋ ಕಾಣೆ, ಹಮಾಲರು ಆಮೇಲೆ ನನ್ನನ್ನು ಬರೀ “ಬಾಯಿ” ಎಂದರು, “ಡಾಕ್ಟರ್” ಬಿಟ್ಟುಹೋಯಿತು. ಡಾಕ್ಟರೂ ಆಗಲಿಲ್ಲ ಬಿಡಿ. ಈಗ ಹೈಸ್ಕೂಲಿನ ಹುಡುಗಿಯರಿಗೆ ಗಣಿತ ಹೇಳಿಕೊಡುತ್ತೇನೆ. ಬೇಸಿಗೆಯಲ್ಲಿ ಯಾರಾದರೂ ಅಂಗಿಯ ತೋಳನ್ನು ಕೆಳಗೆಳೆದುಕೊಂಡು ಕೂತರೆ ಅವಳ ಪಕ್ಕದ ಬೆಂಚಿನಲ್ಲಿ ಹೋಗಿ ಕೂರುತ್ತೇನೆ. ಲೆಕ್ಕದ ವಿಷಯ ಆಮೇಲೆ.

ಚಾಚಿಗಾದದ್ದು ಬೇರೆ. ಕಚ್ಚಾ ಬಳೆ ಎಂಬ ಮಾತು ನಮ್ಮ ಕಟ್ಟೆಯಿಂದ ಇಳಿದು ಸಂತೆಗೆ ಹೋಯಿತು. ಹೆಂಗಸರು ಬಸ್‌ಸ್ಟ್ಯಾಂಡಿನ ಫ್ಯಾನ್ಸಿ ಅಂಗಡಿಗೆ ಹೋಗತೊಡಗಿದರು. ಎರಡು ಡಬ್ಬಿ ಒಂದಾಯಿತು. ಅವಳು ಬರುವುದನ್ನು ನಿಲ್ಲಿಸಲಿಲ್ಲ. ನಮ್ಮ ಮನೆಯಲ್ಲಿ ಚಹಾ ಕುಡಿದು, ಮೊಮ್ಮಕ್ಕಳಿಗೆಂದು ನಮ್ಮೂರ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು, ಓಣಿಯ ಸುದ್ದಿಯನ್ನೆಲ್ಲ ಕೇಳಿಕೊಂಡು ಹೋಗುತ್ತಿದ್ದಳು. ನನ್ನ ಕೈ ಹಿಡಿದು ಒಮ್ಮೆ ನೋಡಿ, “ಛಲೋ ಅದ,” ಅನ್ನುತ್ತಿದ್ದಳು. ಆದರೆ ಕಲ್ಲಿನ ಮೇಲೆ ಬಳೆ ಪುಟಿಸುವುದನ್ನು ಬಿಟ್ಟುಬಿಟ್ಟಳು. ಒಮ್ಮೆ ನಾನೇ, “ಪುಟಿಸ್ರಿ ಚಾಚಿ,” ಎಂದೆ. “ಕಚ್ಚಾ ಮಾಲು ಯಾರರೆ ಪುಟಿಸ್ತಾರೇನು?” ಎಂದು ಕಣ್ಣು ಮಿಟುಕಿಸಿದಳು. ನಾನು ನಗಲು ಹೋದೆ, ಆಗಲಿಲ್ಲ. ಪ್ರತಿ ಸಂತೆಗೂ ಇವತ್ತು ಎಲ್ಲರೆದುರು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅವ್ವನ ಮುಖ ನೋಡಿ ಸುಮ್ಮನಾಗುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಮೂರನೇ ದಿನದ ಜಿಯಾರತ್ ಪ್ರಾರ್ಥನೆ ಮುಗಿದ ಮೇಲೆ ಅವ್ವ, ನಾನು, ಎದುರು ಮನೆಯ ದೊಡ್ಡವ್ವ ರೋಜಾಕ್ಕೆ ಹೋದೆವು. ಒಳಮನೆಯಲ್ಲಿ ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಗೋಡೆಗೆ ಒರಗಿಸಿಟ್ಟ ತಗಡಿನ ಡಬ್ಬಿ ಕಾಣುತ್ತಿತ್ತು. ದೊಡ್ಡವ್ವ ನಿಜವಾದ ದುಃಖದಿಂದಲೇ ಚಾಚಿಯ ಸೊಸೆಯ ಬೆನ್ನು ಸವರಿದಳು: “ಬಳಿ ಕಚ್ಚಾ ಇದ್ರೂ ಅಕಿ ಮನಸ ಗಟ್ಟಿ ಇತ್ತವ್ವ.”

ಸೊಸೆ ತಲೆತಗ್ಗಿಸಿದಳು. ಕ್ಷಮೆ ಕೇಳುವವಳಂತೆ, “ಹೌದ್ರೀ, ಒಂದ್ ಸಲ ಮಾಲು ಖರಾಬ್ ಬಂದಿತ್ತಂತ. ಅಮ್ಮೀನೇ ಹೇಳ್ತಿದ್ಲು,” ಎಂದಳು.

ಹಾಗಾದರೆ ಇಷ್ಟು ವರ್ಷ ಅವಳು ತನ್ನ ಮನೆಯಲ್ಲೂ ಹೇಳಿರಲಿಲ್ಲ.

“ಖರಾಬ್ ಬಂದಿರಲಿಲ್ರಿ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ತೋಳನ್ನು ಮೇಲೆ ಸರಿಸಿದೆ. “ಬಳಿ ಹೆಚ್ಚಿರ್ಲೇ ಇಲ್ಲ ದೊಡ್ಡವ್ವ. ಇವು ನಾ ಮಾಡ್ಕೊಂಡಿದ್ದು. ಚಾಚಿ ಬಳಿ ಹೆಸರ್ಲೆ ಸುಳ್ಳ ಹೇಳಿದ್ದೆ. ಅಕಿಗಿ ಗೊತ್ತಿತ್ತು.”

ದೊಡ್ಡವ್ವನ ಕೈ ಸೊಸೆಯ ಬೆನ್ನ ಮೇಲೇ ನಿಂತಿತು. ನಾಚಿಕೆ ಹಳೆಯ ಬಿಸಿಯಲ್ಲೇ ಕಿವಿಯವರೆಗೆ ಏರಿತು. ಇಷ್ಟು ವರ್ಷ ಕಳೆದರೂ ಅದೇನೂ ಆರಿರಲಿಲ್ಲ. ಅವ್ವನ ಕಡೆ ನೋಡುವ ಧೈರ್ಯವಾಗಲಿಲ್ಲ.

ಅವ್ವ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ತೋಳು ಕೆಳಗೆ ಸರಿಸುತ್ತಾಳೆಂದುಕೊಂಡೆ. ಸರಿಸಲಿಲ್ಲ. ರೂಢಿಯಿಲ್ಲದ ತನ್ನ ನೆಟ್ಟನೆಯ ಹೆಬ್ಬೆರಳಿನಿಂದ ನನ್ನ ಹೆಬ್ಬೆರಳಿನ ಬುಡವನ್ನು ತಡವಿ ಒತ್ತಿ ಹಿಡಿದು, ಆ ಸೊಸೆಯ ಮುಖವನ್ನೇ ನೋಡುತ್ತ ಹೇಳಿದಳು:

“ಹೌದವ್ವ. ನಿಮ್ಮತ್ತಿ ಬಳಿ ಗಟ್ಟಿ ಇದ್ದವು.”