ದೊಡ್ಡಮ್ಮನ ಹಾಜರಿಗೆ ನನ್ನ ಮಗಳ ಮುಖ

ನಮ್ಮ ಕಟ್ಟಡದ ಕೆಲಸದ ಜಾಗದಲ್ಲಿ ಅವಳನ್ನು ದೊಡ್ಡಮ್ಮ ಎನ್ನದವರಿಲ್ಲ. ಗಾರೆಯವರಿಗೆ ದೊಡ್ಡಮ್ಮ, ಕಂಬಿ ಕಟ್ಟುವವರಿಗೆ ದೊಡ್ಡಮ್ಮ, ಅವಳಿಗಿಂತ ಹಿರಿಯನಾದ ಗೇಟಿನ ಕಾವಲುಗಾರನಿಗೂ ದೊಡ್ಡಮ್ಮನೇ. ನೀರಿನ ತೊಟ್ಟಿಯ ಹಿಂದೆ ತಗಡಿನ ಮಾಡಿನ ಒಂದು ಕೋಣೆಯಿದೆ. ಬಾಂಡ್ಲಿ ಹೊರಲು, ಇಟ್ಟಿಗೆ ಎತ್ತಿಕೊಡಲು ಬರುವ ಹೆಂಗಸರು ತಮ್ಮ ಕೂಸುಗಳನ್ನು ಅಲ್ಲಿ ಅವಳ ಕೈಗೆ ಕೊಟ್ಟು ಮೇಲೆ ಹತ್ತುತ್ತಾರೆ. ನಾನೂ ಕೊಡುತ್ತೇನೆ. ನನ್ನದು ಗೇಟಿನ ಪಕ್ಕದ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವ ಕೆಲಸ. ಹಾಗಾಗಿ ಹೆಂಗಸರ ಬಾಯಲ್ಲಿ ನಾನು ಹಾಜರಕ್ಕ. ನನ್ನ ಮಗಳು ಪುಟ್ಟಿಗೆ ಇನ್ನೂ ಎರಡು ತುಂಬಿಲ್ಲ. ಬೆಳಿಗ್ಗೆ ನನ್ನ ಸೊಂಟದಿಂದ ದೊಡ್ಡಮ್ಮನ ಸೊಂಟಕ್ಕೆ ದಾಟುವಾಗ ಅವಳು ಅಳುವುದಿಲ್ಲ. ಸಂಜೆ ವಾಪಸ್ಸು ದಾಟುವಾಗ ಅಳುತ್ತಾಳೆ. ಇದನ್ನು ಡೈರಿಯಲ್ಲಿ ಬರೆದುಕೊಂಡು ಒಂದು ದಿನ ನಾನೂ ಅತ್ತಿದ್ದೆ. ಈಗ ಅಭ್ಯಾಸವಾಗಿದೆ.

ದೊಡ್ಡಮ್ಮನೂ ಒಂದು ಕಾಲಕ್ಕೆ ಬಾಂಡ್ಲಿ ಹೊತ್ತವಳೇ. ಒಮ್ಮೆ ಗೋಡೆಗೆ ಕಟ್ಟಿದ ಸಾರುವೆಯ ಹಲಗೆ ಜಾರಿ ಮಂಡಿ ಕೆಟ್ಟಿತು. ಮನೆಯಲ್ಲಿರು ಎಂದರೆ, "ಮನೇಲಿ ಕೂತು ಯಾರ ಜೊತೆ ಜಗಳ ಆಡ್ಲಿ, ಗೋಡೆ ಜೊತೆನಾ?" ಎಂದು ಕುಂಟುತ್ತ ವಾಪಸ್ಸು ಬಂದಳಂತೆ. ಬಂದವಳು ಮರಳಿನ ರಾಶಿಯ ಮೇಲೆ ಹೊರಳಾಡುತ್ತಿದ್ದ ಮಕ್ಕಳನ್ನು ಒಟ್ಟು ಮಾಡಿ ನೆರಳಿನಲ್ಲಿ ಕೂರಿಸಿಕೊಂಡಳು. ಕೋಣೆ ಬಂದದ್ದು ಆಮೇಲೆ. ಕಬ್ಬಿಣದ ಪೈಪಿಗೆ ಹಳೆ ಸೀರೆಗಳ ಜೋಲಿ ಕಟ್ಟಿ, ನೆಲಕ್ಕೆ ಚಾಪೆ ಹಾಸಿ, ಬಾಗಿಲಿಗೆ ಅಡ್ಡ ಹಲಗೆ ಇಟ್ಟು ಅದನ್ನೊಂದು ಮನೆ ಮಾಡಿದವಳು ಅವಳು. ಪ್ರೀತಿಯೆಲ್ಲ ಬೈಗುಳದಲ್ಲೇ. "ಬಾರೋ ಯಜಮಾನ, ಮೂಗು ಸೋರ್ತಿದೆ, ಪ್ಲಂಬರ್‌ನ ಕರೀಲಾ?" ಎನ್ನುತ್ತ ಸೆರಗಿನಲ್ಲೇ ಒರೆಸುತ್ತಾಳೆ. ಸೊಂಟದ ಮೇಲೆ ಒಂದು ಕೂಸಿಲ್ಲದೆ ಅವಳನ್ನು ನೋಡಿದವರು ಕಡಿಮೆ. ಪೀಕಲಾಟ ಶುರುವಾದದ್ದೇ ಅದರಿಂದ.

ನಾನು ಕೆಲಸಕ್ಕೆ ಸೇರಿದಾಗ ಹಾಜರಿ ಎಂದರೆ ಹೆಬ್ಬೆಟ್ಟಿನ ಪುಸ್ತಕ. ಆಮೇಲೆ ಕಾರ್ಡು ಬಂತು. ಕಾರ್ಡು ಉಜ್ಜುವುದನ್ನು ಎಲ್ಲರೂ ಕಲಿತುಕೊಳ್ಳುವ ಹೊತ್ತಿಗೆ ಬೆರಳಿನ ಯಂತ್ರ ಬಂತು. ಸಿಮೆಂಟು ಕಲಸುವವರ ಸವೆದ ಬೆರಳು ಅದಕ್ಕೆ ಹಿಡಿಸಲಿಲ್ಲ. ಹೋಗಲಿ ಎಂದು ಮುಖದ ಯಂತ್ರ ತಂದು ಕೂರಿಸಿದರು. ಹೆಲ್ಮೆಟ್ ಇಲ್ಲದೆ ಗೇಟಿನೊಳಗೆ ಕಾಲಿಡಕೂಡದು ಎಂದು ಒಂದು ಸುತ್ತೋಲೆ. ಹೆಲ್ಮೆಟ್ ತೆಗೆದು ಯಂತ್ರದ ಮುಂದೆ ನಿಲ್ಲಬೇಕು ಎಂದು ಇನ್ನೊಂದು. ಯಂತ್ರ ಇರುವುದು ಗೇಟಿನ ಒಳಗೆ. ಎರಡನ್ನೂ ಒಂದೇ ಗೋಡೆಗೆ ಅಂಟಿಸಿದವಳು ನಾನು.

"ಯಾವುದನ್ನ ಮೊದ್ಲು ಪಾಲಿಸ್ಲಿ ಹಾಜರಕ್ಕ?" ಎಂದು ಕಂಬಿಯವನೊಬ್ಬ ಕೇಳಿದ.

"ಅರ್ಧ ತಲೆಗೆ ಹಾಕ್ಕೊಂಡು ಹೋಗಪ್ಪ," ಎಂದೆ. ಅವನು ನಿಜಕ್ಕೂ ಹಾಗೇ ಹೋದ. ಯಂತ್ರ ಒಪ್ಪಲಿಲ್ಲ.

ಮುಖ ದಾಖಲಿಸುವ ದಿನ ಯಂತ್ರದ ಕಂಪನಿಯಿಂದ ಬಂದವನಿಗೆ ಮಧ್ಯಾಹ್ನದೊಳಗೆ ಇನ್ನೊಂದು ಕಡೆ ಹೋಗಬೇಕಿತ್ತು. ಸಾಲು ಗೇಟಿನ ಆಚೆವರೆಗೆ ಬೆಳೆದಿತ್ತು. ದೊಡ್ಡಮ್ಮನ ಸರದಿ ಬಂದಾಗ ಸೊಂಟದ ಮೇಲೆ ಪುಟ್ಟಿ ಇದ್ದಳು. "ನೇರ ನೋಡಿ, ಕಣ್ಣು ಮಿಟುಕಿಸಿ," ಎಂದ ಅವನು. ಪುಟ್ಟಿ ಯಂತ್ರಕ್ಕೆ ಕೈ ಹಾಕದಿರಲೆಂದು ದೊಡ್ಡಮ್ಮ ಅವಳ ಕಡೆ ತಿರುಗಿದ್ದಳು. ನೇರ ನೋಡಿ ಕಣ್ಣು ಮಿಟುಕಿಸಿದವಳು ಪುಟ್ಟಿ. ಹಸಿರು ದೀಪ ಹತ್ತಿತು. "ಆಯ್ತು, ಮುಂದಿನೋರು," ಎಂದ ಅವನು, ತಲೆ ಎತ್ತದೆ.

ಮಾರನೇ ಬೆಳಿಗ್ಗೆ ದೊಡ್ಡಮ್ಮ ಒಬ್ಬಳೇ ಬಂದು ನಿಂತಳು. ಕೆಂಪು ದೀಪ. ಮುಖ ತೊಳೆದು ಬಂದಳು, ಕೆಂಪು. ತಲೆಗೂದಲು ಹಿಂದಕ್ಕೆ ಬಾಚಿ ಬಂದಳು, ಕೆಂಪು. "ಇದಕ್ಕೆ ನಾನು ಏನು ಮಾಡಿದ್ದೀನಂತೆ?" ಎಂದು ಸಿಡುಕುತ್ತ, ನನ್ನ ಕೈಯಲ್ಲಿದ್ದ ಪುಟ್ಟಿಯನ್ನು ಎತ್ತಿಕೊಂಡಳು ನೋಡಿ, ಯಂತ್ರ ಚಿಲಿಪಿಲಿ ಎಂದು ದೊಡ್ಡಮ್ಮನ ಕಾರ್ಡಿನ ನಂಬರು ತೋರಿಸಿ ಹಾಜರಿ ಹಾಕಿತು.

ಸಾಲಿನಲ್ಲಿದ್ದವರು ಬಿದ್ದುಬಿದ್ದು ನಕ್ಕರು. "ನಿನ್ನ ಮಗಳು ಕೆಲಸಕ್ಕೆ ಸೇರ್ಬಿಟ್ಟಳಲ್ಲ ಹಾಜರಕ್ಕ, ಅವಳಿಗೂ ಒಂದು ಹೆಲ್ಮೆಟ್ ಕೊಡ್ಸು."

ನಾನು ನಗಲಿಲ್ಲ. ನೇರವಾಗಿ ಎಂಜಿನಿಯರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಮೇಲಿನಿಂದ ಬಂದ ಸುತ್ತೋಲೆಯನ್ನು ಕೆಳಗೆ ದಾಟಿಸಿ ದಾಟಿಸಿ ದನಿಯೇ ಸುತ್ತೋಲೆಯಂತಾಗಿದೆ, ಅಷ್ಟೆ.

"ಒಂದು ಕಾರ್ಡಿಗೆ ಒಂದೇ ಮುಖ ಕಣಮ್ಮ. ಬದಲಾಯಿಸೋಕೆ ಆಗಲ್ಲ. ಕೆಲಸ ಬಿಟ್ಟರು ಅಂತ ತೋರಿಸಿ ಹೊಸದಾಗಿ ಸೇರಿಸ್ಕೋಬೇಕು."

"ಸರಿ ಸಾರ್, ಹಾಗೇ ಮಾಡೋಣ."

"ಹೊಸಬರಿಗೆ ಏಣಿ ಹತ್ತೋ ಪರೀಕ್ಷೆ ಇದೆ. ಅವರ ಕಾರ್ಡಲ್ಲಿ ಸಹಾಯಕಿ ಅಂತ ಇದೆಯಲ್ಲ. ಆ ಮಂಡೀಲಿ ಹತ್ತುತ್ತಾರಾ?"

"ಮಕ್ಕಳನ್ನ ನೋಡ್ಕೊಳ್ಳೋರು ಅಂತ ಹಾಕೋಣ."

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ಈ ಪಟ್ಟೀಲಿ ಹಾಗೊಂದು ಕೆಲಸ ತೋರ್ಸಿ, ಈಗಲೇ ಹಾಕ್ತೀನಿ." ಇರಲಿಲ್ಲ. "ಸದ್ಯಕ್ಕೆ ಹೀಗೇ ನಡೀಲಿ," ಎಂದರು. ನಮ್ಮಲ್ಲಿ ಸದ್ಯಕ್ಕೆ ಎಂದದ್ದಕ್ಕೆ ಆಯುಸ್ಸು ಜಾಸ್ತಿ.

ಹೀಗೆ ನನ್ನ ಮಗಳು ದಿನಾ ಬೆಳಿಗ್ಗೆ ದೊಡ್ಡಮ್ಮನ ಹಾಜರಿ ಹಾಕತೊಡಗಿದಳು. ಸಂಜೆಯೂ ಹಾಕಬೇಕೆಂದು ಸುತ್ತೋಲೆ ಬಂತು, ಹಾಕಿದಳು. ಊಟದ ಹೊತ್ತಿಗೂ ಬೇಕೆಂದರು. ನಿದ್ದೆಯಲ್ಲಿದ್ದವಳನ್ನು ಎಬ್ಬಿಸಿ, ಕಣ್ಣು ಬಿಡಿಸಿ, ಬಿಸಿಲಿನಲ್ಲಿ ತಂದು ನಿಲ್ಲಿಸಿ ಹಾಕಿಸಿದೆವು. ಆಮೇಲೆ ನೆಲಕ್ಕೊಂದು ಹಳದಿ ಗೆರೆ ಎಳೆದು, ಮಕ್ಕಳು ಅದನ್ನು ದಾಟಬಾರದು ಎಂದರು. ಯಂತ್ರ ಗೆರೆಯ ಆಚೆ. ನಾನು ಗೆರೆಯ ಈಚೆ ನಿಂತು ಪುಟ್ಟಿಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚುತ್ತಿದ್ದೆ. ಅವಳ ಕಾಲು ಈಚೆ, ಮುಖ ಆಚೆ. ಮನೆಗೆ ಹೋಗಿ ಕನ್ನಡಿಯ ಮುಂದೆ ಇಳಿಸಿದರೂ ಕಣ್ಣು ಮಿಟುಕಿಸಿ ಕಾಯುತ್ತಿದ್ದಳು. ನಮ್ಮ ಯಜಮಾನರಿಗೆ ಅದು ತಮಾಷೆ. ನನಗೆ ತಲೆಚಿಟ್ಟು.

ಅಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ಸುತ್ತೋಲೆ ಬಂತು. ಒಂದು ವಾರ ಸತತವಾಗಿ ಹಾಜರಿ ಬೀಳದಿದ್ದರೆ ಕಾರ್ಡು ತಾನಾಗಿಯೇ ರದ್ದು. ಅದನ್ನು ಅಂಟಿಸಿದ ಮರುದಿನವೇ ಪುಟ್ಟಿಗೆ ಜ್ವರ ಬಂತು.

ಜ್ವರದ ಜೊತೆ ಕೆಮ್ಮು. ಡಾಕ್ಟರು ಔಷಧಿ ಕೊಟ್ಟು, ಮನೆಯಿಂದ ಹೊರಗೆ ತರಬೇಡಿ, ಬೇರೆ ಮಕ್ಕಳ ಹತ್ತಿರ ಬಿಡಬೇಡಿ ಎಂದರು. ನಮ್ಮ ಅತ್ತೆ ನೋಡಿಕೊಳ್ಳುತ್ತೇನೆ ಎಂದರು, ನಾನು ಕೆಲಸಕ್ಕೆ ಹೋದೆ. ದೊಡ್ಡಮ್ಮ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಕೋಣೆ ಗುಡಿಸಿರುತ್ತಿದ್ದಳು. ಯಂತ್ರದ ಪ್ರಕಾರ ಗೈರುಹಾಜರಿ. ನನ್ನ ಕಣ್ಣೆದುರೇ ಜೋಲಿ ತೂಗುತ್ತಿರುವವಳನ್ನು ನಾನೇ ದಿನಾ ಗೈರು ಎಂದು ಮೇಲಿನವರಿಗೆ ಕಳಿಸಬೇಕು. ಫೋನಿನಲ್ಲಿದ್ದ ಪುಟ್ಟಿಯ ಫೋಟೋ ಹಿಡಿದು ನೋಡಿದೆ. ಯಂತ್ರ 'ನಕಲಿ ಮುಖ' ಎಂದು ಕೂಗಿಕೊಂಡಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮುಖ ಅದು.

ಸ್ಟೋರು ನೋಡಿಕೊಳ್ಳುವವನಿಗೆ ಸೊಂಟದ ತುಂಬ ಬೀಗದ ಕೈಗಳು, ಅದಕ್ಕೇ ಅವನು ಬೀಗಣ್ಣ. ಅವನಿಗೆ ಮಕ್ಕಳ ಕೋಣೆಯ ಮೇಲೆ ಮೊದಲಿನಿಂದಲೂ ಕಣ್ಣು. "ಕಾರ್ಡು ಹೋದ್ರೆ ದೊಡ್ಡಮ್ಮ ಗೇಟೊಳಗೆ ಬರೋ ಹಾಗಿಲ್ಲ. ನೋಡ್ಕೊಳ್ಳೋರಿಲ್ಲ ಅಂದ್ಮೇಲೆ ಮಕ್ಕಳನ್ನ ಬಿಡೋ ಹಾಗಿಲ್ಲ. ಕೋಣೆ ಖಾಲಿ ತಾನೇ ಹಾಜರಕ್ಕ?" ಎಂದು ಲೆಕ್ಕ ಒಪ್ಪಿಸಿದ. "ನನ್ನ ಟೈಲ್ಸು ಎಷ್ಟು ದಿನಾಂತ ಪ್ಲಾಸ್ಟಿಕ್ ಹೊದ್ಕೊಂಡು ಬಯಲಲ್ಲಿರ್ಬೇಕು?"

"ಟೈಲ್ಸಿಗೆ ಶೀತ ಆದ್ರೆ ಹೇಳು, ಪುಟ್ಟಿ ಔಷಧಿ ಉಳಿದಿದೆ," ಎಂದೆ. ಬಾಯಲ್ಲಿ ಹಾಗೆಂದರೂ ಅವನ ಲೆಕ್ಕ ಸರಿಯೆಂದು ನನಗೂ ಗೊತ್ತಿತ್ತು. ಕೋಣೆ ಹೋದರೆ ಬಾಂಡ್ಲಿ ಹೊರುವ ಹೆಂಗಸರ ಕೆಲಸವೂ ಹೋಯಿತು, ನನ್ನದೂ ಹೋಯಿತು. ಅತ್ತೆಗೆ ಇಡೀ ದಿನ ಪುಟ್ಟಿಯ ಹಿಂದೆ ಓಡುವ ಶಕ್ತಿಯಿಲ್ಲ.

ವಾರದ ಕೊನೆಯ ದಿನ. ಹಿಂದಿನ ಸಂಜೆಯೇ ಹೆಂಗಸರು ನನ್ನನ್ನು ಸುತ್ತಿಕೊಂಡಿದ್ದರು. "ಒಂದೇ ನಿಮಿಷ ಹಾಜರಕ್ಕ. ಬೆಚ್ಚಗೆ ಸುತ್ಕೊಂಡು ಬಂದು ಮುಖ ತೋರ್ಸಿ ಕರ್ಕೊಂಡು ಹೋಗು." ಬೆಳಿಗ್ಗೆ ಪುಟ್ಟಿಗೆ ಶಾಲು ಸುತ್ತಿದೆ. ಅತ್ತೆ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಬೈಯಲೂ ಇಲ್ಲ. "ನೀನು ತಾಯಿ, ನಿನಗೆ ಗೊತ್ತಿರುತ್ತೆ," ಎಂದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು. ದಾರಿಯುದ್ದಕ್ಕೂ ಅವಳ ಬಿಸಿ ಹಣೆ ನನ್ನ ಕುತ್ತಿಗೆಗೆ ಒತ್ತಿಕೊಂಡಿತ್ತು.

ಗೇಟಿನಲ್ಲಿ ದೊಡ್ಡಮ್ಮ ನಿಂತಿದ್ದಳು. ಪುಟ್ಟಿಯನ್ನು ನೋಡಿ ಮುಖ ಅರಳಲಿಲ್ಲ. ಹತ್ತಿರ ಬಂದು ಶಾಲಿನೊಳಗೆ ಕೈ ಹಾಕಿ ಬೆನ್ನು ಮುಟ್ಟಿದಳು.

"ಸುಡ್ತಿದೆ. ಯಾಕೆ ತಂದೆ?"

"ಇವತ್ತೇ ಕೊನೆ ದಿನ ದೊಡ್ಡಮ್ಮ. ಒಂದು ಸಲ ಕಣ್ಣು ಬಿಟ್ರೆ ಆಯ್ತು."

"ಕಣ್ಣು ಬಿಡೋಕಾಗದೆ ಮಲಗಿರೋ ಕೂಸನ್ನ ಎಬ್ಬಿಸಿ ನನಗೆ ಹಾಜರಿ ಹಾಕಿಸ್ತೀಯಾ? ನಾಚಿಕೆ ಆಗಲ್ವಾ ನಿನಗೆ? ನನಗಂತೂ ಆಗತ್ತೆ." ಯಂತ್ರಕ್ಕೆ ಬೆನ್ನು ಮಾಡಿ ನಮ್ಮಿಬ್ಬರಿಗೂ ಅದಕ್ಕೂ ನಡುವೆ ನಿಂತಳು. "ನಡಿ ಮನೆಗೆ."

"ಕಾರ್ಡು ಹೋಗತ್ತೆ ದೊಡ್ಡಮ್ಮ. ಕೋಣೆ ಹೋಗತ್ತೆ."

"ಹೋಗ್ಲಿ ಬಿಡು. ಮರಳಿನ ಮೇಲೆ ಕೂರಿಸ್ಕೊಂಡು ಸಾಕಿದವಳು ನಾನು. ಗೇಟಿಂದ ಆಚೆ ಮರ ಇಲ್ವಾ?"

ಆಚೆ ಮರವಿರಲಿಲ್ಲ, ಲಾರಿ ತಿರುಗುವ ರಸ್ತೆಯಿತ್ತು. ಅದು ಅವಳಿಗೂ ಗೊತ್ತಿತ್ತು. ನಾನು ಪುಟ್ಟಿಯನ್ನು ಮನೆಗೆ ಕರೆದುಕೊಂಡು ಹೋಗಿ ಅತ್ತೆಯ ಕೈಗೆ ಕೊಟ್ಟು ಬಂದೆ. ಸಂಜೆ ದೊಡ್ಡಮ್ಮನ ಕಾರ್ಡು ರದ್ದಾಯಿತೆಂದು ನನ್ನ ಕಂಪ್ಯೂಟರೇ ನನಗೆ ತಿಳಿಸಿತು.

ಮಾರನೇ ದಿನ ನಾಲ್ಕನೇ ಅಂತಸ್ತಿಗೆ ಕಾಂಕ್ರೀಟು ಸುರಿಯುವ ಕೆಲಸ. ಗೇಟಿನವನು ಕೈಕೈ ಹಿಸುಕಿಕೊಳ್ಳುತ್ತ ದೊಡ್ಡಮ್ಮನನ್ನು ಹೊರಗೇ ನಿಲ್ಲಿಸಿದ್ದ. ಅವಳ ಸುತ್ತ ಕೂಸುಗಳನ್ನು ಎತ್ತಿಕೊಂಡ ತಾಯಂದಿರು. ಯಾರೂ ಘೋಷಣೆ ಕೂಗಲಿಲ್ಲ, ಯಾರೂ ಜಗಳ ತೆಗೆಯಲಿಲ್ಲ. ಕೂಸನ್ನು ಇಳಿಸಲು ಜಾಗವಿಲ್ಲದ್ದರಿಂದ ಬಾಂಡ್ಲಿ ಎತ್ತಲು ಕೈ ಇರಲಿಲ್ಲ, ಅಷ್ಟೆ. ಮೇಲೆ ಗಾರೆಯವರು ಕೆಳಗೆ ಬಗ್ಗಿ ನೋಡುತ್ತಿದ್ದರು. ಕಲಸಿದ ಕಾಂಕ್ರೀಟು ಕಾಯುವುದಿಲ್ಲ. ಎಂಜಿನಿಯರ್ ಬೆವರು ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದರು.

"ಏನಾದ್ರೂ ಮಾಡಮ್ಮ. ನಿಯಮದೊಳಗೇ ಮಾಡು, ಆದ್ರೆ ಈಗಲೇ ಮಾಡು."

ಹೊಸಬರನ್ನು ಸೇರಿಸುವ ಪಟ್ಟಿ ತೆರೆದೆ. ಗಾರೆ, ಬಡಗಿ, ಕಂಬಿ, ವೈರಿಂಗ್, ಸಹಾಯಕಿ. ಎಲ್ಲದಕ್ಕೂ ಏಣಿಯ ಪರೀಕ್ಷೆ. ಏಣಿ ಇಲ್ಲದ್ದು ಒಂದೇ ಒಂದು: ಕಾವಲು. ಅದನ್ನು ಒತ್ತಿದೆ. 'ಯಾವುದರ ಕಾವಲು?' ಎಂದು ಕೇಳಿತು. ಸಿಮೆಂಟು, ಕಬ್ಬಿಣ, ಯಂತ್ರೋಪಕರಣ, ಒಡೆಯಬಹುದಾದ ಸಾಮಾನು. ಎಂಜಿನಿಯರ್ ಮುಖ ನೋಡಿದೆ. ಅವರು ಗೇಟಿನಾಚೆಯ ಕೂಸುಗಳ ಕಡೆ ನೋಡಿ, "ಒಡೆಯಬಹುದಾದದ್ದು ತಾನೇ," ಎಂದರು. "ಸುಳ್ಳೇನಲ್ಲ. ಒತ್ತು."

ಈ ಸಲ ಮುಖ ದಾಖಲಿಸುವಾಗ ಸುತ್ತಮುತ್ತ ಒಂದು ಕೂಸೂ ಇರದಂತೆ ನಾನೇ ನಿಂತು ನೋಡಿಕೊಂಡೆ. ಸೊಂಟದ ಮೇಲೆ ಕೂಸಿಲ್ಲದೆ ನಿಂತ ದೊಡ್ಡಮ್ಮನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಸಿರು ದೀಪ ಹತ್ತಿತು. ಕಾವಲಿನವರ ಟೋಪಿಯನ್ನೂ ಕೊಟ್ಟರು. ಅದನ್ನು ಹಾಕಿಕೊಂಡು ಅವಳು ಕೋಣೆಗೆ ಹೋದಾಗ ಒಂದು ಮಗು ಗುರುತು ಹಿಡಿಯದೆ ಕಿಟಾರನೆ ಕಿರುಚಿತು. ಟೋಪಿ ಆವತ್ತಿನಿಂದ ಮೊಳೆಗೆ.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಬೀಗಣ್ಣ ಕೈಗಾಡಿಯ ತುಂಬ ಪೆಟ್ಟಿಗೆ ಹೇರಿಕೊಂಡು ಬಾಗಿಲಿಗೆ ಬಂದ. "ಒಡೆಯೋ ಸಾಮಾನಿನ ಕಾವಲು ಅಂತ ದಾಖಲೆ ಆಗಿದೆ ದೊಡ್ಡಮ್ಮ. ನನ್ನ ಟೈಲ್ಸು ಒಡೆಯೋ ಸಾಮಾನು."

"ಇಡಪ್ಪ," ಎಂದಳು ದೊಡ್ಡಮ್ಮ. "ನನ್ನ ಕಾವಲಲ್ಲಿರೋದನ್ನ ನಾನು ಹೊತ್ತು ಹೊತ್ತಿಗೆ ಉಣ್ಣಿಸಿ, ಒರೆಸಿ, ಚಡ್ಡಿ ಬದಲಾಯಿಸ್ತೀನಿ. ನಿನ್ನ ಟೈಲ್ಸಿಗೆ ಎಷ್ಟು ಚಡ್ಡಿ ತಂದಿದ್ದೀಯಾ?"

ಅವನು ಗೊಣಗಿದ. ನಾನು ಎಂಜಿನಿಯರ್ ಹತ್ತಿರ ಓಡಿದೆ. ದಾಖಲೆಯಲ್ಲಿ ಹಾಗಿರುವುದರಿಂದ ಒಂದಷ್ಟಾದರೂ ಇಡಲೇಬೇಕು ಎಂದರು ಅವರು. ಈಗ ಒಂದು ಗೋಡೆಯುದ್ದಕ್ಕೂ ಟೈಲ್ಸಿನ ಪೆಟ್ಟಿಗೆಗಳಿವೆ. ದೊಡ್ಡಮ್ಮ ಅದರ ಮೇಲೆ ಚಾಪೆ ಹಾಸಿ ಮಕ್ಕಳನ್ನು ಸಾಲಾಗಿ ಕೂರಿಸಿ ಉಣ್ಣಿಸುತ್ತಾಳೆ. ಬೀಗಣ್ಣ ದಿನಾ ಬಂದು ಪೆಟ್ಟಿಗೆ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತಾನೆ. ಆಗಿರುತ್ತದೆ.

ಕೋಣೆ ಉಳಿಯಿತು. ಪುಟ್ಟಿಯ ಜ್ವರ ಬಿಟ್ಟು ಅವಳೂ ವಾಪಸ್ಸು ಬಂದಳು. ಆದರೆ ಕಾವಲಿನವರಿಗೆ ಬೇರೆಯದೇ ಹಾಜರಿಯಂತೆ. ನಿದ್ದೆ ಮಾಡುತ್ತಿಲ್ಲ ಎಂದು ತೋರಿಸಲು ಕುತ್ತಿಗೆಗೊಂದು ಪುಟ್ಟ ಪೆಟ್ಟಿಗೆ ನೇತುಹಾಕಿದ್ದಾರೆ. ಗಂಟೆ ತುಂಬುವುದರೊಳಗೆ ಅದರ ಗುಂಡಿ ಒತ್ತಬೇಕು. ಮರೆತರೆ ಅದು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅರಚುತ್ತದೆ. ಕಾಂಕ್ರೀಟು ಮಿಕ್ಸರಿನ ಗಲಾಟೆಯಲ್ಲಿ ಹಾಯಾಗಿ ಮಲಗುವ ನಮ್ಮ ಮಕ್ಕಳು ಈ ಪೆಟ್ಟಿಗೆಯ ಸದ್ದಿಗೆ ಒಟ್ಟಿಗೇ ಎದ್ದು ಕೂರುತ್ತವೆ. ಸದ್ದು ಕಡಿಮೆ ಮಾಡಿ ಎಂದು ಮೇಲಿನವರಿಗೆ ಬರೆದುಕೊಂಡೆ. ಪರಿಶೀಲಿಸಲಾಗುವುದು ಎಂದು ಉತ್ತರ ಬಂತು.

ಮೇಲೆ ಕೆಲಸ ಮಾಡುವ ತಾಯಂದಿರೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ಗಂಟೆ ಹತ್ತಿರ ಬರುತ್ತಿದ್ದಂತೆ ಯಾರಾದರೊಬ್ಬಳು ಬಾಂಡ್ಲಿ ಇಳಿಸಿ, ನಾಲ್ಕನೇ ಅಂತಸ್ತಿನ ಅಂಚಿನಿಂದ ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾಳೆ: "ದೊಡ್ಡಮ್ಮಾ, ಒತ್ತು."

"ಒತ್ತಿದೆ ಕಣೇ, ಗಂಟಲು ಹರ್ಕೋಬೇಡ," ಎಂದು ದೊಡ್ಡಮ್ಮ ಕೆಳಗಿನಿಂದ ಕೂಗುತ್ತಾಳೆ.

ಇವರಿಬ್ಬರ ಕೂಗಿಗೆ ಮಕ್ಕಳು ಏಳುತ್ತವೆ.