ದೀಪ ಹಚ್ಚಿದ ಮೇಲೆ ಹುಳ ಅಂದರೆ

ನಮ್ಮಕ್ಕನ ಮಗಳು ಹೊಳೆಮ್ಮ ಹೊಸಪೇಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಕೋಣೆ ಗುಡಿಸಿಯೇ ಮುದುಕಿಯಾದವಳು. ಗುಡಿಸುತ್ತ ಪಾಠ ಕೇಳಿದಳು. ಕೇಳಿದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಿವೃತ್ತಿಯಾದಾಗ ಕಾಲೇಜಿನವರು ಬಿಸಾಡಲಿದ್ದ ಒಣ ಮಿಡತೆ, ಜೀರುಂಡೆ, ಬಾಟಲಿಯೊಳಗಿನ ಏಡಿ, ಸಿಗಡಿ ಎಲ್ಲ ಕೇಳಿ ಪಡೆದು ತಗಡಿನ ಪೆಟ್ಟಿಗೆಗೆ ತುಂಬಿಕೊಂಡಳು. ಅಂದಿನಿಂದ ಕಂಪ್ಲಿಯ ಗದ್ದೆ ಬದು, ಪಾಪಿನಾಯಕನಹಳ್ಳಿಯ ಶಾಲೆ, ಹಂಪಿ ಬಜಾರಿನ ಕಲ್ಲುಮಂಟಪದ ನೆರಳು, ಎಲ್ಲಿ ನಾಲ್ಕು ಮಂದಿ ಸಿಕ್ಕರೆ ಅಲ್ಲಿ ಪೆಟ್ಟಿಗೆ ಬಿಚ್ಚುತ್ತಾಳೆ.

ಅವಳು ಹೇಳುವುದು ಒಂದೇ ಮಾತು: ಏಡಿ, ಮಿಡತೆ ಒಂದೇ ಬೆಡಗು. ಬೆಡಗು ಅಂದರೆ ನಮ್ಮಲ್ಲಿ ವಂಶದ ಬಳ್ಳಿ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ನೀರಿನೊಳಗಿನ ಏಡಿ, ಸಿಗಡಿಗಳ ಬಳಗದಿಂದಲೇ ಕೋಟಿ ಕೋಟಿ ವರ್ಷಗಳ ಹಿಂದೆ ಒಂದು ಕವಲು ದಡ ಹತ್ತಿತು, ಆಮೇಲೆ ರೆಕ್ಕೆ ಮೂಡಿತು, ಅದೇ ಈಗ ನಮ್ಮ ದೀಪಕ್ಕೆ ಬಂದು ಬೀಳುವ ಹುಳ ಎನ್ನುತ್ತಾಳೆ. ಕೇಳಿದವರು ನಗುತ್ತಾರೆ. "ಹಂಗಾದ್ರ ಏಡಿ ಸಾರು ಉಣ್ಣೋರು ಮಿಡತಿ ಸಾರೂ ಉಣ್ಬೇಕಲ್ಲಬೇ?"

ಈ ವರ್ಷ ಅವಳ ಮೊಣಕಾಲು ಕೈಕೊಟ್ಟವು. "ಮಾವ, ಸಾಕಾಗೇತಿ. ಚೋರನೂರಾಗ ಮಂದಿ ಕುಂತು ಕೇಳಿದ್ರ ಮುಂದಿನ ಊರು. ಕೇಳಲಿಲ್ಲಂದ್ರ ಪೆಟ್ಟಿಗಿ ಅಟ್ಟಕ್ಕ" ಅಂದಳು. ಪೆಟ್ಟಿಗೆಯ ಒಂದು ಹಿಡಿ ಹಿಡಿಯಲು ನಾನೂ ಹೊರಟೆ.

ಚೋರನೂರಿನ ಗುಡಿಕಟ್ಟೆ ತುಂಬಿತ್ತು. ಹೆಂಗಸರ ಕೈಯಲ್ಲಿ ಹಾಲಿನ ತಂಬಿಗೆ, ಅರಿಸಿನ, ಕುಂಕುಮ. ಹೊಳೆಮ್ಮ ಪೆಟ್ಟಿಗೆ ಬಿಚ್ಚಿದಳು. ಊರ ಹಿರಿಯ ಗಾದಿಲಿಂಗ ಇಣುಕಿ ನೋಡಿದ.

"ನಾಗಪ್ಪ ಎಲ್ಲಿ ಅದಾನ್ರಿ?"

"ಯಾವ ನಾಗಪ್ಪ?"

"ನಿನ್ನಿ ಸಂಜಿ ಫೋನಿನಾಗ ಹುಳ ತರ್ತೀನಿ ಅಂದ್ರಿ, ಹೌದಿಲ್ರಿ?"

ನನಗೆ ಆಗ ಹೊಳೆಯಿತು. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಹಾವಿನ ಹೆಸರು ಎತ್ತುವುದಿಲ್ಲ, ಹುಳ ಎನ್ನುತ್ತೇವೆ. ಇವಳು ಹಗಲಿನ ಹುಳ ಹೇಳಿದ್ದಳು, ಅವರು ಕತ್ತಲಿನ ಹುಳ ಕೇಳಿಸಿಕೊಂಡಿದ್ದರು.

"ಸತ್ತ ಏಡಿ ನೋಡಾಕ ಎಮ್ಮಿ ಹಿಂಡಿ ಹಾಲು ತಂದ್ವಲ್ಲ!" ಎನ್ನುತ್ತ ಜನ ಎದ್ದರು. ಹೊಳೆಮ್ಮ ತಡೆಯಲಿಲ್ಲ.

"ಏಡಿ, ಮಿಡತಿ ಒಂದೇ ಬೆಡಗು ಅಂತ ಹೇಳಾಕ ಬಂದಿದ್ದೆ. ಹೋಗ್ಲಿ ಬಿಡ್ರಿ" ಎಂದು ಕಟ್ಟೆಗೆ ಒರಗಿದಳು. ಅವಳ ಮುಖದಲ್ಲಿ ದುಃಖಕ್ಕಿಂತ ನಿರಾಳವೇ ಹೆಚ್ಚಿತ್ತು, ನೊಗ ಇಳಿಸಿದ ಎತ್ತಿನ ಹಾಗೆ.

ಮುದುಕಮ್ಮ ಎಂಬ ಹಣ್ಣು ಹಣ್ಣು ಮುದುಕಿ ಮಾತ್ರ ಏಳಲಿಲ್ಲ. "ಹಂಗಾರ ಹಾವೂ ಇವುಗಳ ಬೆಡಗೇನವ್ವಾ?"

"ಅಲ್ಲಬೇ. ಇವಕ್ಕ ಎಲುಬಿಲ್ಲ, ಮೈಮ್ಯಾಲಿನ ಚಿಪ್ಪೇ ಗಟ್ಟಿ. ಹಾವಿಗೆ ಬೆನ್ನೆಲುಬು ಐತಿ. ಅದು ನಮ್ಮ ಬೆಡಗು."

"ನಮ್ಮದಾ? ನಾಗಪ್ಪ ನಮ್ಮ ಅಣ್ಣತಮ್ಮನಾ?"

"ಭಾಳ ದೂರದ ಅಣ್ಣತಮ್ಮ."

"ಲೇ ಗಾದಿಲಿಂಗ, ಬಾರಲೇ ಇಲ್ಲಿ! ನೀ ಯಾಕ ಮಾತಿಗೊಮ್ಮಿ ಬುಸ್ ಅಂತೀ ಅಂತ ಈಗ ತಿಳೀತು!"

ಹೊರಟವರು ನಕ್ಕು ತಿರುಗಿದರು; ತಿರುಗಿದವರು ಒಬ್ಬೊಬ್ಬರೇ ಕೂತರು. ಹೊಳೆಮ್ಮ ನಿಟ್ಟುಸಿರು ಬಿಟ್ಟು ಏಡಿಯ ಬಾಟಲಿ ಮತ್ತೆ ಕೈಗೆತ್ತಿಕೊಂಡಳು. ಹೊತ್ತು ಇಳಿಯುವ ತನಕ ಹೇಳಿದಳು.

ಬಸ್ಸಿನಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತವಳನ್ನು, "ಈಗೇನಂತಿ?" ಎಂದು ಕೇಳಿದೆ.

"ಏನನ್ನಲಿ ಮಾವ. ಎದ್ದೋರು ಹಂಗ ಹೋಗಿದ್ರ ನಾನೂ ಮನಿ ಸೇರ್ತಿದ್ದೆ. ಹಾಳು ಮುದುಕಿ, ಕೇಳೇಬಿಟ್ಲಲ್ಲ" ಎಂದವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.